ಬಾಲಣ್ಣನ ಮಾತು ನಮ್ಮಪ್ಪನಿಗೆ ಓದಲು ಸಿಗಲಿ: ಚಿತ್ರರಂಗದವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಚಲನಚಿತ್ರ ಅಕಾಡೆಮಿಯವರಿಗೆ, ಫಿಲಂ ಚೇಂಬರ್‌ನವರಿಗೆ, ಹಳೆಯ ಕನ್ನಡ ಸಿನಿಮಾಗಳ ಹಕ್ಕು ಇಟ್ಟುಕೊಂಡಿರುವ ಎಲ್ಲರಿಗೂ,

ನಮಸ್ಕಾರ.

ಹಳೆಯ ಕನ್ನಡ ಸಿನಿಮಾಗಳ ಮಾತು ಕಿವಿ ಕೇಳಿಸದವರಿಗೂ ಸಿಗಲಿ ಅಂತ ಕೇಳಿಕೊಳ್ಳಲು ಈ ಪತ್ರ. ನಾನು ದೊಡ್ಡಬಳ್ಳಾಪುರದವಳು. ನಮ್ಮಪ್ಪ 35 ವರ್ಷ ಪವರ್‌ಲೂಮ್‌ನಲ್ಲಿ ದುಡಿದವರು. ಒಂದು ಶೆಡ್ಡಿನೊಳಗೆ ಎಂಟು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳಿಸುವುದಿಲ್ಲ. ಲಾಳಿ ಬಡಿಯುವ ಸದ್ದು ಎದೆಯೊಳಗೇ ಹೊಕ್ಕ ಹಾಗಿರುತ್ತದೆ. ನೂಲು ತುಂಡಾಯಿತು, ಕಂಡಿಕೆ ಮುಗಿಯಿತು, ಟೀ ಬಂತು, ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳಬೇಕು. ಅಪ್ಪನ ಕಿವಿ ಹೋಗಿದ್ದು ಅಲ್ಲೇ. ನಿಧಾನವಾಗಿ, ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಹೋಯಿತು. ನಾವು ಕರೆದರೆ ತಿರುಗುತ್ತಿರಲಿಲ್ಲ. ಬೇಕಂತಲೇ ಹಾಗೆ ಮಾಡುತ್ತಾರೆ ಅಂತ ಅಮ್ಮ ರೇಗುತ್ತಿದ್ದರು.

ಆಮೇಲೆ ಒಬ್ಬ ಡಾಕ್ಟರು ಕಿವಿ ಪರೀಕ್ಷೆ ಮಾಡಿ, ಒಂದು ಗ್ರಾಫ್ ತೋರಿಸಿ ವಿವರಿಸಿದರು. ಇಂಥ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮೊದಲು ಹೋಗುವುದು ಕೀರಲು ಸದ್ದುಗಳಂತೆ. ಸ, ಶ, ಚ, ತ, ಇಂಥವು. ಹೆಂಗಸರ ದನಿ, ಮಕ್ಕಳ ದನಿ. ಅಂದರೆ ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಕೇಳಿಸುತ್ತದೆ, ಏನು ಮಾತಾಡುತ್ತಿದ್ದಾರೆ ಅನ್ನುವುದು ತಿಳಿಯುವುದಿಲ್ಲ. ಕಿವಿಗೆ ಮೆಷಿನ್ ಹಾಕಿದರೆ ಮಾತಿನ ಜೊತೆಗೆ ಫ್ಯಾನ್ ಸದ್ದು, ಪಾತ್ರೆ ಸದ್ದು ಎಲ್ಲವೂ ಜೋರಾಗುತ್ತದೆ. ಟಿವಿಯಲ್ಲಿ ಸಿನಿಮಾ ಹಾಕಿದರೆ ಮಾತು ಮತ್ತು ಹಿನ್ನೆಲೆ ಸಂಗೀತ ಕಲಸಿಕೊಂಡು ಬರುತ್ತದೆ. ಅಪ್ಪನಿಗೆ ಈಗ 73. ಮೆಷಿನ್ ತೆಗೆದು ಪೆಟ್ಟಿಗೆಯಲ್ಲಿಟ್ಟು, ಸುಮ್ನೆ ಚಿತ್ರ ನೋಡುತ್ತಾ ಕೂರುತ್ತಾರೆ.

ಅವರು ನೋಡುವುದು ಜಾಸ್ತಿ ಯಾರನ್ನು ಗೊತ್ತಾ? ಹಳೆಯ ಕನ್ನಡ ಸಿನಿಮಾಗಳ ನಟ ಟಿ. ಎನ್. ಬಾಲಕೃಷ್ಣ ಅವರನ್ನು. ನಮ್ಮೆಲ್ಲರ ಬಾಲಣ್ಣ.

ನಾನು ಮೊದಮೊದಲು ಇದು ಹಳೇ ಕಾಲದವರ ಪ್ರೀತಿ ಅಂದುಕೊಂಡಿದ್ದೆ. ಒಂದು ಭಾನುವಾರ ಮಧ್ಯಾಹ್ನ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟಿವಿ ಕಡೆ ಬೆರಳು ಮಾಡಿದರು. ‘ಅವರ ಕಣ್ಣು ಎಲ್ಲಿದೆ ನೋಡು’ ಅಂದರು. ನೋಡಿದೆ. ಎದುರಿನವರು ಮಾತಾಡುವಾಗ ಬಾಲಣ್ಣ ಅವರ ಕಣ್ಣು ನೋಡುತ್ತಿಲ್ಲ, ಬಾಯಿ ನೋಡುತ್ತಿದ್ದಾರೆ. ಒಂದೊಂದು ಸಲ ಕತ್ತು ಸ್ವಲ್ಪ ಮುಂದೆ ಚಾಚಿ, ಹುಬ್ಬು ಏರಿಸಿ, ಆ ಪಾತ್ರದ ಕುತೂಹಲವೇ ಅನ್ನುವ ಹಾಗೆ ನೋಡುತ್ತಾರೆ. ಎದುರಿನವರ ತುಟಿ ನಿಂತ ತಕ್ಷಣ ಇವರ ಮಾತು ಶುರು. ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ. ಅಷ್ಟು ವರ್ಷ ಅವರ ಸಿನಿಮಾ ನೋಡಿದ್ದ ನನಗೆ ಅದು ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಬಾಯಿ ನೋಡಿ ಮಾತು ತಿಳಿದುಕೊಂಡು ಬದುಕಿದ ನಮ್ಮಪ್ಪನಿಗೆ ಅದು ಮೊದಲ ನೋಟದಲ್ಲೇ ಗೊತ್ತಾಗಿತ್ತು.

ಬಾಲಣ್ಣನಿಗೆ ಚಿಕ್ಕಂದಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ ಅನ್ನುವುದು ನಿಮಗೆಲ್ಲ ಗೊತ್ತಿರುವ ವಿಷಯವೇ. ಆದರೆ ನಾವು ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತೇವೆ. ‘ಕಿವಿ ಕೇಳಿಸದಿದ್ದರೂ 560ಕ್ಕೂ ಹೆಚ್ಚು ಸಿನಿಮಾ ಮಾಡಿದರು’ ಅಂತ ಹೇಳಿ ಚಪ್ಪಾಳೆ ತಟ್ಟುತ್ತೇವೆ, ಮುಗಿಯಿತು. ಅದು ಎಂಥ ಕೆಲಸ ಅಂತ ಒಂದು ನಿಮಿಷ ನಿಂತು ಯೋಚನೆ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಕನ್ನಡಿ ಮುಂದೆ ನಿಂತು ‘ಪಾಪ’ ಅನ್ನಿ. ಆಮೇಲೆ ‘ಬಾಬಾ’ ಅನ್ನಿ. ಆಮೇಲೆ ‘ಮಾಮ’ ಅನ್ನಿ. ತುಟಿ ಮೂರಕ್ಕೂ ಒಂದೇ ಥರ ಆಡುತ್ತದೆ. ಕ, ಗ, ಹ ಇವೆಲ್ಲ ಗಂಟಲಿನ ಕಡೆಯಿಂದ ಬರುವಂಥವು, ತುಟಿಯ ಮೇಲೆ ಕಾಣುವುದೇ ಇಲ್ಲ. ಹಾಗಾಗಿ ಬಾಯಿ ನೋಡಿ ಮಾತು ತಿಳಿಯುವವರು ಅರ್ಧ ನೋಡಿ, ಇನ್ನರ್ಧ ತಲೆಯೊಳಗೇ ತುಂಬಿಕೊಳ್ಳಬೇಕು. ಮುಂದಿನ ಮಾತು ಏನು ಬರಬಹುದು ಅಂತ ಮೊದಲೇ ಗೊತ್ತಿರಬೇಕು. ಅಂದರೆ ತನ್ನ ಮಾತು ಬಾಯಿಪಾಠ ಆದರೆ ಸಾಲದು, ಎದುರಿನವರ ಮಾತೂ ಅಷ್ಟೇ ಚೆನ್ನಾಗಿ ತಲೆಯಲ್ಲಿ ಕೂತಿರಬೇಕು. ಇನ್ನು ಪೌರಾಣಿಕ ಪಾತ್ರಗಳಿಗೆ ಹಚ್ಚುವ ಮೀಸೆ ಗಡ್ಡ ಇರುತ್ತದಲ್ಲ, ಅದು ತುಟಿಯನ್ನೇ ಮುಚ್ಚಿಬಿಡುತ್ತದೆ. ಆಗ ಕೆನ್ನೆ ನೋಡಬೇಕು, ಗಂಟಲು ನೋಡಬೇಕು.

ಅದಕ್ಕಿಂತ ಮೊದಲು ರಂಗದ ಮೇಲೆ. ಬಾಲಣ್ಣ ಅರಸೀಕೆರೆಯ ಬಡ ಮನೆಯ ಹುಡುಗ. ಕಾಯಿಲೆ ಬಿದ್ದ ಗಂಡನ ಔಷಧಿಗೆ ದುಡ್ಡಿಲ್ಲದೆ ಹೆತ್ತ ತಾಯಿಯೇ ಮಗುವನ್ನು ಎಂಟು ರೂಪಾಯಿಗೆ ಕೊಟ್ಟುಬಿಟ್ಟರು ಅಂತ ಅವರ ಬಗ್ಗೆ ಹೇಳುತ್ತಾರೆ. ಅಂಥ ಹುಡುಗನಿಗೆ ಅನ್ನ ಕೊಟ್ಟಿದ್ದು ನಾಟಕ. ವೃತ್ತಿ ನಾಟಕ ನೋಡಿದವರಿಗೆ ಗೊತ್ತು, ಅಲ್ಲಿ ಎಲ್ಲವೂ ಕಿವಿಯ ಮೇಲೆ ನಡೆಯುವ ಕೆಲಸ. ಹಾರ್ಮೋನಿಯಂ ಶ್ರುತಿ ಕೊಡುತ್ತದೆ, ನಟ ಹಿಡಿಯಬೇಕು. ಮಾತು ಮರೆತರೆ ಸೈಡ್ ವಿಂಗ್‌ನಿಂದ ಪ್ರಾಂಪ್ಟರ್ ಮೆಲ್ಲಗೆ ಹೇಳಿಕೊಡುತ್ತಾನೆ. ಜನ ‘ಒನ್ಸ್ ಮೋರ್’ ಅಂತ ಕೂಗಿದರೆ ಪದವನ್ನು ಇನ್ನೊಂದು ಸಲ ಹಾಡಬೇಕು, ಅಂದುಕೊಂಡ ಜಾಗದಲ್ಲಿ ಕಥೆ ಮುಂದೆ ಹೋಗುವುದಿಲ್ಲ. ಪ್ರಾಂಪ್ಟರ್‌ನ ಪಿಸುಮಾತು ಕೇಳಿಸದ ನಟನಿಗೆ ಮರೆಯುವ ಸ್ವಾತಂತ್ರ್ಯವೇ ಇಲ್ಲ. ಹಿಂದೆ ತಿರುಗಿ ಅವನ ಬಾಯಿ ನೋಡಲು ಆಗುತ್ತದಾ, ಎದುರಿಗೆ ಸಾವಿರ ಜನ ಕೂತಿರುವಾಗ?

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಕಿವಿ ಕೇಳಿಸದವರಿಗೆ ತಮ್ಮ ದನಿಯೂ ಸರಿಯಾಗಿ ಕೇಳಿಸುವುದಿಲ್ಲ. ನಮ್ಮಪ್ಪ ಒಮ್ಮೊಮ್ಮೆ ತೀರಾ ಜೋರಾಗಿ ಮಾತಾಡುತ್ತಾರೆ, ಒಮ್ಮೊಮ್ಮೆ ಮಾತು ಬಾಯೊಳಗೇ ಉಳಿದುಬಿಡುತ್ತದೆ. ಬಾಲಣ್ಣನ ದನಿ ನೆನಪಿಸಿಕೊಳ್ಳಿ. ರಾಗ ಎಳೆದು ಎಳೆದು ಮೇಲೆ ಹೋಗಿ, ಒಂದು ಕಡೆ ಟಕ್ ಅಂತ ಕಡಿದು, ಮತ್ತೆ ಬೆಣ್ಣೆ ಹಚ್ಚಿದ ಹಾಗೆ ಕೆಳಗಿಳಿಯುವ ಆ ದನಿ. ಮನೆಹಾಳ ಪಾತ್ರಕ್ಕೆ ಒಂದು ಥರ, ಪಾಪದ ಮುದುಕನಿಗೆ ಇನ್ನೊಂದು ಥರ. ರೇಡಿಯೋದಲ್ಲಿ ಅರ್ಧ ಸಾಲು ಬಂದರೂ ಬಾಲಣ್ಣ ಅಂತ ಗೊತ್ತಾಗುತ್ತಿತ್ತು. ತನಗೇ ಕೇಳಿಸದ ದನಿಯನ್ನು ಊರಿಗೆಲ್ಲ ಗುರುತು ಸಿಗುವ ಹಾಗೆ ಬಳಸಿದರಲ್ಲ. ಇದಕ್ಕೆ ನನ್ನ ಹತ್ತಿರ ಹೋಲಿಕೆ ಇಲ್ಲ.

1943ರ ‘ರಾಧಾರಮಣ’ದಿಂದ ಅವರ ಸಿನಿಮಾ ಬದುಕು ಶುರು. ಮುಂದೆ ನಿರ್ದೇಶಕರಾದ ಜಿ. ವಿ. ಅಯ್ಯರ್ ಅವರೂ ಬಂದಿದ್ದು ಅದೇ ಚಿತ್ರದಿಂದ. ಆಮೇಲಿನ ವರ್ಷಗಳಲ್ಲಿ ಕನ್ನಡ ಸಿನಿಮಾ ಅಂದರೆ ಮದರಾಸಿನ ಸ್ಟುಡಿಯೋಗಳಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ತಯಾರಾಗುತ್ತಿದ್ದವು. ಕಲಾವಿದರಿಗೆ ಕೆಲಸ ಇಲ್ಲ. ಆಗ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರಿಗೆ ಹೋಗಿ ನಾಟಕ ಆಡಿದರು. 1960ರಲ್ಲಿ ತಾವೇ ‘ರಣಧೀರ ಕಂಠೀರವ’ ತೆಗೆದರು. ಈ ಕಥೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಆ ತಂಡದ ಜೊತೆ ದಿನಕ್ಕೊಂದು ಊರಿನ ದಿನಕ್ಕೊಂದು ರಂಗದ ಮೇಲೆ, ಹೊಸ ಜಾಗ, ಹೊಸ ಬೆಳಕು, ಎದುರಿನವರ ಮುಖಕ್ಕೆ ನೆರಳು ಬಿದ್ದರೆ ಮಾತೇ ತಪ್ಪಿಹೋಗುವಂಥ ಸ್ಥಿತಿಯಲ್ಲಿ ಒಬ್ಬರು ಇದ್ದರು ಅನ್ನುವುದನ್ನು ಅದರ ಜೊತೆಗೇ ಹೇಳೋಣ.

ಅಭಿಮಾನ್ ಸ್ಟುಡಿಯೋ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಕೆಂಗೇರಿ ಕಡೆ ಸರ್ಕಾರ ಕೊಟ್ಟ ಜಮೀನಿನಲ್ಲಿ, ಕನ್ನಡಕ್ಕೆ ಇಲ್ಲೇ ಒಂದು ಸ್ಟುಡಿಯೋ ಇರಬೇಕು ಅಂತ ಅವರು ಇದ್ದಬದ್ದದ್ದನ್ನೆಲ್ಲ ಹಾಕಿದರು. ಈಗ ಆ ಹೆಸರು ಬಂದರೆ ಜನಕ್ಕೆ ನೆನಪಾಗುವುದು ಜಮೀನಿನ ಗಲಾಟೆ ಮಾತ್ರ. ಅದು ದೊಡ್ಡವರ ವಿಷಯ, ಕೋರ್ಟು ಕಚೇರಿಯ ವಿಷಯ. ನಾನು ಕೇಳಲು ಬಂದಿರುವುದು ಅದಕ್ಕಿಂತ ತುಂಬಾ ಚಿಕ್ಕದು.

ಬಾಲಣ್ಣನ ಸಿನಿಮಾಗಳಿಗೆ ಕನ್ನಡದಲ್ಲಿ ಸಬ್‌ಟೈಟಲ್ ಹಾಕಿಸಿ. ಇಷ್ಟೇ.

ಕನ್ನಡ ಸಿನಿಮಾಗೆ ಕನ್ನಡ ಸಬ್‌ಟೈಟಲ್ ಯಾಕೆ ಅಂತ ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಇಂಗ್ಲಿಷ್‌ನಲ್ಲಿ ಹಾಕುತ್ತೇವೆ, ಯಾಕೆಂದರೆ ಹೊರಗಿನವರೂ ನೋಡಲಿ ಅಂತ. ಒಳ್ಳೆಯದು, ನೋಡಲಿ. ಆದರೆ ನಮ್ಮಪ್ಪ ಹೊರಗಿನವರಲ್ಲ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ದಿನಾ ಬೆಳಗ್ಗೆ ಕನ್ನಡ ಪೇಪರನ್ನು ಕೊನೆಯ ಪುಟದವರೆಗೆ ಓದುವ ಮನುಷ್ಯ. ಪರದೆಯ ಕೆಳಗೆ ಎರಡು ಸಾಲು ಕನ್ನಡ ಬಂದರೆ ಅವರಿಗೆ ಪೂರ್ತಿ ಸಿನಿಮಾ ಸಿಗುತ್ತದೆ. ಮಗ್ಗದಲ್ಲಿ ಕಿವಿ ಕಳೆದುಕೊಂಡ ಅವರ ಓರಗೆಯವರು ನಮ್ಮ ಬೀದಿಯಲ್ಲೇ ಇನ್ನೂ ಇದ್ದಾರೆ. ವಯಸ್ಸಾಗಿ ಕಿವಿ ಮಂದವಾದ ಅಜ್ಜ ಅಜ್ಜಿ ಯಾರ ಮನೆಯಲ್ಲಿಲ್ಲ ಹೇಳಿ? ಟಿವಿ ಸೌಂಡ್ ಜಾಸ್ತಿ ಇಟ್ಟರು ಅಂತ ಮನೆಮಂದಿಯೆಲ್ಲ ಬೈದು, ಅವರು ಎದ್ದು ಒಳಗೆ ಹೋಗಿ ಮಲಗುವುದನ್ನು ನೀವೂ ನೋಡಿರುತ್ತೀರಿ ಅಲ್ವಾ?

ಇದರಲ್ಲಿ ಇನ್ನೊಂದು ನೋವಿನ ವಿಷಯ ಇದೆ. ಮೂಕಿ ಚಿತ್ರಗಳ ಕಾಲದಲ್ಲಿ ಮಾತನ್ನು ಬರೆದು ತೋರಿಸುತ್ತಿದ್ದರು. ನಡುನಡುವೆ ಅಕ್ಷರದ ಪರದೆ ಬರುತ್ತಿತ್ತು, ಎಷ್ಟೋ ಚಿತ್ರಗಳಲ್ಲಿ ಎರಡು ಮೂರು ಭಾಷೆಯಲ್ಲಿ. ಓದಲು ಬಂದರೆ ಸಾಕು, ಕಿವಿ ಇದ್ದವರೂ ಇಲ್ಲದವರೂ ಒಂದೇ ಸಮ. 1934ರಲ್ಲಿ ‘ಸತಿ ಸುಲೋಚನಾ’ ಬಂತು, ಕನ್ನಡ ಸಿನಿಮಾ ಮಾತಾಡಲು ಕಲಿಯಿತು. ನಮಗೆಲ್ಲ ಅದು ಹಬ್ಬ. ಕಿವಿ ಕೇಳಿಸದ ಕನ್ನಡಿಗರಿಗೆ ಸಿನಿಮಾ ಮಂದಿರದ ಬಾಗಿಲು ಮುಚ್ಚಿದ್ದು ಅಲ್ಲಿಂದಲೇ. ಅದಾಗಿ ಒಂಬತ್ತು ವರ್ಷಕ್ಕೆ ಒಬ್ಬ ಕಿವಿ ಕೇಳಿಸದ ನಟ ಪರದೆಯ ಮೇಲೆ ಬಂದು ಅರ್ಧ ಶತಮಾನ ನಿಂತುಕೊಂಡರು. ಅವರ ಥರದವರೇ ಅವರ ಸಿನಿಮಾ ನೋಡಿದರೆ ಮಾತು ತಿಳಿಯುವುದಿಲ್ಲ. ಬಾಲಣ್ಣನಾದರೂ ಎದುರಿಗಿದ್ದವರ ತುಟಿ ನೋಡಬಹುದಿತ್ತು. ನೋಡುವವರಿಗೆ ಆ ಅನುಕೂಲವೂ ಇಲ್ಲ. ಕ್ಯಾಮೆರಾ ಆ ಕಡೆ ತಿರುಗುತ್ತದೆ, ಬೆನ್ನು ಕಾಣುತ್ತದೆ, ಮಾತಾಡುವವರು ಫ್ರೇಮಿನ ಹೊರಗೇ ಇರುತ್ತಾರೆ.

ಕಾನೂನು ನಮ್ಮ ಕಡೆ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಕಿವಿ ಕೇಳಿಸದವರಿಗಾಗಿ ಟಿವಿ ಕಾರ್ಯಕ್ರಮಗಳಿಗೆ ಕೇಂದ್ರ ಸರ್ಕಾರ 2019ರಲ್ಲೇ ಮಾನದಂಡ ಮಾಡಿತು. ಥಿಯೇಟರ್‌ನಲ್ಲಿ ತೋರಿಸುವ ಸಿನಿಮಾಗಳಿಗೆ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಬಂತು. ಆದರೆ ಆ ಮಾರ್ಗಸೂಚಿ ನೋಡುವುದು ಹೊಸ ಸಿನಿಮಾಗಳ ಕಡೆಗೆ. ನಮ್ಮಪ್ಪನ ವಯಸ್ಸಿನವರು ಮತ್ತೆ ಮತ್ತೆ ನೋಡುವುದು ಹಳೆಯ ಸಿನಿಮಾಗಳನ್ನು, ಅದೂ ಥಿಯೇಟರ್‌ನಲ್ಲಿ ಅಲ್ಲ, ಮನೆಯ ಟಿವಿಯಲ್ಲಿ, ಮೊಮ್ಮಕ್ಕಳ ಮೊಬೈಲಿನಲ್ಲಿ. ಅದಕ್ಕೆ ಇನ್ನೊಂದು ನಿಯಮ ಬರಲಿ ಅಂತ ಕಾಯಬೇಕಾಗಿಲ್ಲ. ಹಕ್ಕು ನಿಮ್ಮ ಹತ್ತಿರ ಇದೆ, ಮನಸ್ಸು ಮಾಡಿದರೆ ನಾಳೆಯೇ ಆಗುತ್ತದೆ.

ಖರ್ಚು ಎಷ್ಟು ಅಂತ ಕೇಳುವವರಿಗೆ ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ. ‘ಬಂಗಾರದ ಮನುಷ್ಯ’ ನಮ್ಮಪ್ಪನ ಸಿನಿಮಾ. 1972ರಲ್ಲಿ ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಸ್ಟೇಟ್ಸ್ ಥಿಯೇಟರ್‌ನಲ್ಲಿ ನೋಡಿಕೊಂಡು ಬಂದಿದ್ದರಂತೆ. ಆಗ ಅವರಿಗೆ ಇಪ್ಪತ್ತು ವರ್ಷ, ಕಿವಿ ಚೆನ್ನಾಗಿತ್ತು. ಅದು ಅಲ್ಲಿ ಎರಡು ವರ್ಷ ಓಡಿದ ಚಿತ್ರ, ಹಾಗಾಗಿ ಒಂದೇ ಸಲ ನೋಡಿ ಸುಮ್ಮನಾಗಲಿಲ್ಲ. ಅದರಲ್ಲಿ ಬಾಲಣ್ಣನದು ರಾಚೂಟಪ್ಪನ ಪಾತ್ರ. ರಾಚೂಟಪ್ಪನ ಮಾತುಗಳನ್ನು ಅಪ್ಪನಿಗೆ ಓದಿಸಬೇಕು ಅಂತ ನನಗೆ ಆಸೆ ಆಯಿತು. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಇಯರ್‌ಫೋನ್ ಹಾಕಿಕೊಂಡು, ಒಂದು ಸಾಲು ಕೇಳುವುದು, ನಿಲ್ಲಿಸುವುದು, ಟೈಪ್ ಮಾಡುವುದು. ಮಾತು ಎಷ್ಟು ಸೆಕೆಂಡಿಗೆ ಶುರು, ಎಷ್ಟಕ್ಕೆ ಮುಗಿಯಿತು ಅಂತ ಗುರುತು ಹಾಕುವುದು. ಸಬ್‌ಟೈಟಲ್ ಅಂದರೆ ಅಷ್ಟೇ ನೋಡಿ. ಒಂದು ಸಮಯ, ಒಂದು ಸಾಲು, ಮತ್ತೆ ಒಂದು ಸಮಯ, ಒಂದು ಸಾಲು. ಪೂರ್ತಿ ಸಿನಿಮಾದ ಫೈಲು ಒಂದು ಫೋಟೋಗಿಂತ ಚಿಕ್ಕದು.

ಕಷ್ಟ ಇರುವುದು ಬೇರೆ ಕಡೆ. ಒಂದು ಸಾಲು ಉದ್ದವಾದರೆ ಓದಿ ಮುಗಿಸುವಷ್ಟರಲ್ಲಿ ದೃಶ್ಯ ಮುಂದೆ ಹೋಗಿರುತ್ತದೆ, ಬಾಲಣ್ಣನ ಮುಖ ನೋಡುವುದು ತಪ್ಪಿಹೋಗುತ್ತದೆ. ಚಿಕ್ಕದು ಮಾಡಲು ಹೋದರೆ ಮಾತಿನ ಸೊಗಸು ಹೋಗುತ್ತದೆ. ಹಳೆಯ ಪ್ರತಿಯಲ್ಲಿ ಗೊರಗೊರ ಸದ್ದು, ಕೆಲವು ಮಾತು ನನಗೂ ಕೇಳಿಸಲಿಲ್ಲ. ಆಗ ನನಗೆ ಅಪ್ಪನ ಪಾಡು ಸ್ವಲ್ಪ ಅರ್ಥವಾಯಿತು. ಎರಡು ತಿಂಗಳು, ರಾತ್ರಿ ಊಟ ಆದ ಮೇಲೆ ಒಂದೊಂದು ಗಂಟೆ ಕೂತು ಮಾಡಿದೆ. ರಾಚೂಟಪ್ಪ ಬರುವ ದೃಶ್ಯಗಳನ್ನು ಮೊದಲು ಮುಗಿಸಿದೆ.

ಒಂದು ಸಂಜೆ ಹಾಕಿ ತೋರಿಸಿದೆ. ಅಪ್ಪ ಕನ್ನಡಕ ಒರೆಸಿಕೊಂಡು ಕೂತರು. ಮೊದಲ ಹತ್ತು ನಿಮಿಷ ಏನೂ ಮಾತಾಡಲಿಲ್ಲ. ತುಟಿ ಮಾತ್ರ ಮೆಲ್ಲಗೆ ಆಡುತ್ತಿತ್ತು, ಸಾಲುಗಳನ್ನು ಒಳಗೊಳಗೇ ಓದಿಕೊಳ್ಳುತ್ತಿದ್ದರು. ಒಂದು ಕಡೆ ಕೈ ಎತ್ತಿ ನಿಲ್ಲಿಸು ಅಂದರು. ನಾನು ಏನೋ ಬೇಜಾರಾಯಿತೇನೋ ಅಂದುಕೊಂಡೆ.

‘ಇಲ್ಲಿ ಒಂದು ಮಾತು ಬಿಟ್ಟುಬಿಟ್ಟಿದ್ದೀಯಮ್ಮ’ ಅಂದರು.

ಹಿಂದಕ್ಕೆ ಹೋಗಿ ಸೌಂಡ್ ಜೋರು ಮಾಡಿ ಕೇಳಿದೆ. ಹೌದು. ಸಂಗೀತದ ಕೆಳಗೆ ಹೂತುಹೋಗಿದ್ದ ಎರಡೇ ಎರಡು ಪದ. ಕಿವಿ ಸರಿ ಇರುವ ನನಗೆ ಕೇಳಿಸಿರಲಿಲ್ಲ. ಕಿವಿ ಹೋದ ಅಪ್ಪನಿಗೆ ಐವತ್ತು ವರ್ಷದಿಂದ ತಲೆಯಲ್ಲಿ ಕೂತಿತ್ತು. ಅಲ್ಲಿಂದ ಮುಂದೆ ನಾವಿಬ್ಬರೂ ಕೂತೇ ಕೆಲಸ ಮಾಡಿದೆವು. ನಾನು ಕೇಳಿಸಿಕೊಂಡಿದ್ದನ್ನು ಟೈಪ್ ಮಾಡುವುದು, ಅವರು ಓದಿ ತಿದ್ದುವುದು. ಈ ಮನುಷ್ಯ ಇಷ್ಟು ಮಾತಾಡಿದ್ದನ್ನು ನಾವು ನೋಡಿ ಎಷ್ಟು ವರ್ಷವಾಗಿತ್ತೋ ಅಂತ ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಒಬ್ಬಳು ಕೆಲಸಕ್ಕೆ ಹೋಗುವ ಹೆಂಗಸು ರಾತ್ರಿ ಹೊತ್ತು ಎರಡು ತಿಂಗಳಲ್ಲಿ ಮಾಡುವುದನ್ನು, ಇದೇ ಕೆಲಸ ಗೊತ್ತಿರುವ ಇಬ್ಬರು ಒಂದು ವಾರದಲ್ಲಿ ಮಾಡಿ ಮುಗಿಸುತ್ತಾರೆ. ಹಾಗಾಗಿ ದುಡ್ಡಿನ ಮಾತು ಬೇಡ. ಕನ್ನಡ ಸಿನಿಮಾಗಳಿಗೆ ಸರ್ಕಾರ ಸಬ್ಸಿಡಿ ಕೊಡುತ್ತದೆ. ಸಬ್ಸಿಡಿಗೆ ಅರ್ಜಿ ಹಾಕುವಾಗ ಕನ್ನಡ ಸಬ್‌ಟೈಟಲ್ ಫೈಲು ಒಂದನ್ನೂ ಜೊತೆಗೆ ಕೊಡಿ ಅಂತ ಒಂದು ಸಾಲು ಸೇರಿಸಿದರೆ ಮುಂದಿನ ಸಿನಿಮಾಗಳ ಕಥೆ ಮುಗಿಯಿತು. ಹಳೆಯದಕ್ಕೆ ಅಕಾಡೆಮಿಯವರು ಮುಂದೆ ನಿಲ್ಲಬೇಕು. ಬಾಲಣ್ಣನ ಹತ್ತು ಸಿನಿಮಾದಿಂದ ಶುರು ಮಾಡಿ. ಅವರು ಹೋಗಿದ್ದು 1995ರ ಜುಲೈ 19. ಬರುವ ಜುಲೈ 19ರಂದು ಹಾರ ಹಾಕಿ ಭಾಷಣ ಮಾಡುವ ಬದಲು ಆ ಹತ್ತರಲ್ಲಿ ಒಂದನ್ನು ಕನ್ನಡ ಅಕ್ಷರದ ಜೊತೆ ತೋರಿಸಿ. ಕಿವಿ ಕೇಳಿಸದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಟಿವಿಯವರು ವಾರಕ್ಕೆ ಒಂದು ಸಿನಿಮಾ ಹೀಗೆ ಹಾಕಲಿ, ಯಾವ ದಿನ ಅಂತ ಮೊದಲೇ ಹೇಳಲಿ. ಯೂಟ್ಯೂಬ್‌ನಲ್ಲಿ ಹಳೆಯ ಸಿನಿಮಾ ಹಾಕಿರುವ ಕಂಪನಿಯವರು ಈ ಫೈಲು ಸೇರಿಸಲು ಸಿನಿಮಾವನ್ನು ಮತ್ತೆ ಹಾಕುವುದೂ ಬೇಕಾಗಿಲ್ಲ.

ಒಂದು ಮಾತು ನಾನು ಮುಚ್ಚಿಡಬಾರದು. ಹುಟ್ಟಿನಿಂದಲೇ ಕಿವಿ ಕೇಳಿಸದ ಎಷ್ಟೋ ಜನರಿಗೆ ಸನ್ನೆ ಭಾಷೆಯೇ ತಾಯಿಮಾತು. ಬರೆದ ಕನ್ನಡ ಅವರಿಗೆ ಎರಡನೇ ಭಾಷೆ, ವೇಗವಾಗಿ ಓದುವುದು ಕಷ್ಟ. ಅವರಿಗೆ ಬೇಕಾದ್ದನ್ನು ಅವರನ್ನೇ ಕೇಳಬೇಕು. ಸಮಿತಿ ಮಾಡುವುದಾದರೆ ಅದರಲ್ಲಿ ಅವರು ಇರಬೇಕು. ನಾನು ಬರೆಯುತ್ತಿರುವುದು ನಮ್ಮಪ್ಪನಂಥವರ ಪರವಾಗಿ, ಅಂದರೆ ಒಂದು ಕಾಲದಲ್ಲಿ ಕೇಳಿಸಿಕೊಂಡು ಈಗ ಕಳೆದುಕೊಂಡವರ ಪರವಾಗಿ.

ಸಿನಿಮಾ ಬರೆಯುವವರಿಗೂ ಒಂದು ಮಾತು. ‘ಕೆಪ್ಪ’ ಅಂತ ಕೂಗಿ, ಒಂದು ಹೇಳಿದರೆ ಇನ್ನೊಂದು ಕೇಳಿಸಿಕೊಳ್ಳುವ ಪಾತ್ರ ಇಟ್ಟು ನಗಿಸುವುದನ್ನು ಬಿಟ್ಟುಬಿಡಿ. ನಗಿಸಲು ಗೊತ್ತಿದ್ದ ಮನುಷ್ಯ, ನಿಜಕ್ಕೂ ಕಿವಿ ಕೇಳಿಸದವರು, ನಿಮ್ಮ ಮನೆಯಲ್ಲೇ ಇದ್ದರು.

‘ಬಂಗಾರದ ಮನುಷ್ಯ’ದ ಫೈಲು ಪೂರ್ತಿಯಾಗಿದೆ. ಅಪ್ಪ ಮೂರು ಸಲ ತಿದ್ದಿದ್ದಾರೆ. ಅದು ನಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಕೂತಿದೆ, ಹಕ್ಕು ನಮ್ಮದಲ್ಲವಾದ್ದರಿಂದ ನಾವು ಎಲ್ಲೂ ಹಾಕಿಲ್ಲ. ದುಡ್ಡು ಬೇಡ, ಹೆಸರೂ ಬೇಡ. ಯಾರಿಗೆ ಕೊಡಬೇಕು ಅಂತ ಹೇಳಿ, ತಂದುಕೊಡುತ್ತೇವೆ. ಅಪ್ಪ ಮುಂದಿನದಕ್ಕೆ ಆಗಲೇ ‘ರಣಧೀರ ಕಂಠೀರವ’ ಅಂತ ಹಾಳೆಯ ಮೇಲೆ ಬರೆದಿಟ್ಟಿದ್ದಾರೆ.

ಇಂತಿ,
ದೊಡ್ಡಬಳ್ಳಾಪುರದ ಒಬ್ಬ ನೇಕಾರರ ಮಗಳು